ಮಗುವನ್ನು ಕಳುಹಿಸುವ ಮುನ್ನ

(ನೀಲಗಿರಿಯ ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ವಾರಕ್ಕೆ ಒಂದೇ ರಜೆ. ಬಟ್ಟೆ ಒಗೆಯುವುದು, ಸೌದೆ ತರುವುದು ಎಲ್ಲವನ್ನೂ ಬಿಟ್ಟು ನೀವು ಇಲ್ಲಿ ಬಂದು ಕುಳಿತಿದ್ದೀರಿ. ಆದುದರಿಂದ ಸುತ್ತುಮಾತು ಬೇಡ. ನಮ್ಮದೇ ಒಂದು ತಪ್ಪಿನಿಂದ ಆರಂಭಿಸುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಲೈನಿನಲ್ಲಿ ಎರಡು ಮಕ್ಕಳ ತಂದೆಯೊಬ್ಬರು ತೀರಿಕೊಂಡರು. ತಾಯಿಗೆ ಕಾಯಂ ಕೆಲಸವಿಲ್ಲ. ಎಲೆ ಹೆಚ್ಚಿದ ದಿನಗಳಲ್ಲಿ ಮಾತ್ರ ಕರೆಯುತ್ತಿದ್ದರು. ಮನೆಯಲ್ಲಿ 9 ವರ್ಷದ ಹುಡುಗಿ, 3 ವರ್ಷದ ತಮ್ಮ. ತಮ್ಮನನ್ನು ನೋಡಿಕೊಳ್ಳಲು ಹುಡುಗಿ ಶಾಲೆ ಬಿಟ್ಟಳು. ತಾಯಿ ನಮ್ಮ ಬಳಿ ಬಂದು ಅತ್ತಾಗ, ಒಳ್ಳೆಯದನ್ನೇ ಮಾಡುತ್ತಿದ್ದೇವೆಂದು ನಂಬಿ, ಬೆಟ್ಟದ ಕೆಳಗಿನ ಒಂದು ಹೋಮಿಗೆ ಪತ್ರ ಬರೆದುಕೊಟ್ಟೆವು. ಬಸ್ಸಿನ ಹಣವನ್ನೂ ಕೂಡಿಸಿಕೊಟ್ಟೆವು. ಆ ಹೋಮು ನೋಂದಣಿಯಾಗಿದೆಯೇ ಎಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ.

ವರ್ಷ ಕಳೆದು ಹುಡುಗಿ ರಜೆಗೆ ಬಂದಳು. ಒಳ್ಳೆಯ ಉಡುಪು ಹಾಕಿದ್ದಳು, ಮೈ ತುಂಬಿಕೊಂಡಿದ್ದಳು. ಆದರೆ ತಾಯಿಯ ಪಕ್ಕದಲ್ಲಿ ಮಲಗಲಿಲ್ಲ. ಮೂರನೆಯ ದಿನ ಕೇಳಿದಳಂತೆ: “ತಮ್ಮನಿಗೆ ಈ ಮನೆಯಲ್ಲಿ ಅನ್ನ ಇತ್ತಲ್ಲವ್ವಾ, ನನಗೆ ಮಾತ್ರ ಯಾಕೆ ಇರಲಿಲ್ಲ?”

ತಾಯಿಯಲ್ಲಿ ಉತ್ತರವಿರಲಿಲ್ಲ. ಪತ್ರ ಬರೆದ ನಮ್ಮಲ್ಲಿಯೂ ಇರಲಿಲ್ಲ.

ಆಮೇಲೆ ವಿಚಾರಿಸಿ ತಿಳಿದುಕೊಂಡದ್ದನ್ನು ಇಂದು ಹೇಳುತ್ತೇವೆ. ಮೊದಲೇ ತಿಳಿದಿದ್ದರೆ ಆ ಪತ್ರ ಬರೆಯುತ್ತಿರಲಿಲ್ಲ.

ಮೊದಲನೆಯದು, ಚಿಕ್ಕ ಮಗುವಿನ ಮಾತು. ತಾಯಂದಿರು ಕೆಲಸಕ್ಕೆ ಹೋದಾಗ 6 ವರ್ಷದೊಳಗಿನ ಮಕ್ಕಳಿಗೆ ತೋಟದಲ್ಲಿ ಶಿಶುವಿಹಾರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯಿದೆ ಹೇಳಿತ್ತು. ಆ ಕಾಯಿದೆಯ ಜಾಗಕ್ಕೆ ಬಂದಿರುವ 2020ರ ಸಂಹಿತೆಯಲ್ಲಿಯೂ 50 ಕೆಲಸಗಾರರಿರುವ ತೋಟಕ್ಕೆ ಈ ಹೊಣೆ ಇದೆ. ಗುತ್ತಿಗೆಯವರೂ ಆ ಲೆಕ್ಕಕ್ಕೆ ಸೇರುತ್ತಾರೆ. ನಾವು ಬಾಲವಾಡಿ ಎನ್ನುವ ಅಂಗನವಾಡಿ 1975ರಲ್ಲಿ ಆರಂಭವಾದ ಯೋಜನೆ. ಅಲ್ಲಿ ಮಗುವಿಗೆ ಆಹಾರ, ಚುಚ್ಚುಮದ್ದು, ತೂಕ ನೋಡುವುದು ಎಲ್ಲವೂ ಉಂಟು. ತಮ್ಮನಿಗೆ ಅಲ್ಲಿ ಜಾಗ ಸಿಕ್ಕರೆ ಅಕ್ಕ ಶಾಲೆಗೆ ಹೋಗುತ್ತಾಳೆ. ಶಿಶುವಿಹಾರದ ಬಾಗಿಲು ಮುಚ್ಚಿದರೆ ಶಾಲೆ ಬಿಡುವವಳು ಹೆಣ್ಣುಮಗಳೇ.

ಎರಡನೆಯದು, ಹಣದ ಮಾತು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವನ್ನು ಸಾಕುವ ಮೊದಲ ಹೊಣೆ ಕುಟುಂಬದ್ದು. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ದಾರಿ. ಮಗು ಮನೆಯಲ್ಲೇ ಉಳಿಯಲೆಂದು ಸ್ಪಾನ್ಸರ್‌ಶಿಪ್ ಎಂಬ ಸಹಾಯಧನವಿದೆ. 2022ರ ಮಿಷನ್ ವಾತ್ಸಲ್ಯದ ನಿಯಮದಂತೆ ಅದು ಒಂದು ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆಯ ಮಕ್ಕಳು, ಗಂಡ ಬಿಟ್ಟುಹೋದವಳ ಮಕ್ಕಳು, ಅಜ್ಜಿಯ ಮನೆಯಲ್ಲಿ ಬೆಳೆಯುವ ಅನಾಥರು, ತಂದೆತಾಯಿ ಮಾರಕ ರೋಗದಿಂದ ನರಳುವ ಮಕ್ಕಳು ಇದಕ್ಕೆ ಅರ್ಜಿ ಹಾಕಬಹುದು. ವರಮಾನ ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ, ಬೇರೆ ಕಡೆ 96,000 ರೂಪಾಯಿ ಮೀರಬಾರದು. ವರ್ಷವಿಡೀ ಮಸ್ಟರಿನಲ್ಲಿ ಹೆಸರಿರುವವರು ಈ ಮಿತಿಯನ್ನು ದಾಟಬಹುದು. ಆ ತಾಯಿಯಂಥವರು ದಾಟಲಾರರು. ಕೇಳಿದವರಿಗೆಲ್ಲ ಸಿಕ್ಕೀತೆಂದು ನಾವು ಹೇಳುವುದಿಲ್ಲ. ಆದರೆ ಅರ್ಜಿಯನ್ನೇ ಹಾಕದವರಿಗೆ ಸಿಗುವುದಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು.

ಮೂರನೆಯದು, ಭಯದ ಮಾತು. “ಆಫೀಸಿಗೆ ಹೇಳಿದರೆ ಮಗುವನ್ನೇ ಎತ್ತಿಕೊಂಡು ಹೋಗುತ್ತಾರೆ” ಎಂದು ನಮ್ಮ ಹೆಂಗಸರು ಹೆದರುತ್ತಾರೆ. ಮಕ್ಕಳ ಕಲ್ಯಾಣ ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು; ಸದಸ್ಯರಲ್ಲಿ ಒಬ್ಬರಾದರೂ ಹೆಂಗಸು ಇರಲೇಬೇಕು. ತಾಯಿಯ ಮಾತನ್ನೂ ಮಗುವಿನ ಮಾತನ್ನೂ ಕೇಳುವುದು ಅವರ ಕೆಲಸ. ಬಡತನ ಅಪರಾಧವಲ್ಲ. ಮಗುವಿಗೆ ಹೊಡೆತ ಬೀಳುತ್ತಿದ್ದರೆ, ಯಾರಾದರೂ ಕೆಟ್ಟದಾಗಿ ಮುಟ್ಟುತ್ತಿದ್ದರೆ, 14 ತುಂಬದ ಮಗುವನ್ನು ಪಟ್ಟಣದ ಮನೆಗೆಲಸಕ್ಕೆ ಕರೆದೊಯ್ಯಲು ಯಾರಾದರೂ ಬಂದರೆ, 1098ಕ್ಕೆ ಫೋನು ಮಾಡಿರಿ. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಕಾಸು ಬೇಡ. ಮಗುವೇ ಮಾಡಬಹುದು. ಕುಡಿದು ಬಂದು ಹೊಡೆಯುವವನು ನಮ್ಮವನೇ ಆದರೂ ಸುಮ್ಮನಿರುವುದು ಲೈನಿನ ಮರ್ಯಾದೆಯಲ್ಲ.

ಓದಿಗಾಗಿ ಹಾಸ್ಟೆಲಿಗೆ ಹೋಗುವುದು ಬೇರೆ ಮಾತು. ಅದನ್ನು ನಾವು ತಡೆಯುವುದಿಲ್ಲ. ಅನ್ನವಿಲ್ಲವೆಂದು ಮಗುವನ್ನು ದೂರ ಮಾಡುವುದನ್ನು ಕುರಿತೇ ಈ ಮಾತು. ಇನ್ನು ಮುಂದೆ ನಮ್ಮ ಕೂಟದಿಂದ ಯಾವ ಹೋಮಿಗೂ ಸುಮ್ಮನೆ ಪತ್ರ ಹೋಗುವುದಿಲ್ಲವೆಂದು ತೀರ್ಮಾನಿಸಿದ್ದೇವೆ. ಮೊದಲು ಮೂರು ಪ್ರಶ್ನೆ ಕೇಳುತ್ತೇವೆ: ಮನೆಯಲ್ಲೇ ಉಳಿಸಲು ಅರ್ಜಿ ಹಾಕಿದ್ದಾಯಿತೇ? ಆ ಹೋಮು ಬಾಲನ್ಯಾಯ ಕಾಯಿದೆಯಡಿ ನೋಂದಣಿಯಾಗಿದೆಯೇ? ಕಲ್ಯಾಣ ಸಮಿತಿಗೆ ತಿಳಿಸಿದ್ದೀರಾ? ಕಾಗದ ಬರೆಯಲು ಬಾರದವರ ಜೊತೆ ನಮ್ಮಲ್ಲೊಬ್ಬರು ಆಫೀಸಿಗೆ ಬರುತ್ತಾರೆ. ಜನನ ಪತ್ರ, ಆಧಾರ್, ರೇಷನ್ ಕಾರ್ಡು, ಮರಣ ಪತ್ರ ಇವನ್ನು ಒಂದೇ ಚೀಲದಲ್ಲಿ ಹಾಕಿಡಿರಿ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಮಾಡಿಸಲು ಮರೆಯಬೇಡಿರಿ.

ಆ ಹುಡುಗಿಯನ್ನು ನಾವೇ ಹೋಗಿ ಕರೆತಂದೆವು. ಈಗ ಇಲ್ಲಿನ ಶಾಲೆಗೇ ಹೋಗುತ್ತಿದ್ದಾಳೆ. ಅವಳ ಪ್ರಶ್ನೆಗೆ ನಾವಿನ್ನೂ ಉತ್ತರ ಕೊಟ್ಟಿಲ್ಲ. ನಮ್ಮ ಲೈನಿನ ಮತ್ತೊಂದು ಮಗು ಅದೇ ಪ್ರಶ್ನೆಯನ್ನು ಕೇಳದ ಹಾಗೆ ನೋಡಿಕೊಳ್ಳುವುದು ನಮ್ಮೆಲ್ಲರ ಕೈಯಲ್ಲಿದೆ.