ಗೂಟಕ್ಕೆ ನೇತುಹಾಕಿದ ಕುರ್ಚಿ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದಂಚಿನಲ್ಲಿ, ಪಿಟ್ಸ್‌ಫೀಲ್ಡ್ ಪಟ್ಟಣದ ಬಳಿ, ಹ್ಯಾಂಕಾಕ್ ಎಂಬಲ್ಲಿ ಒಂದು ವಿಚಿತ್ರವಾದ ಹಳ್ಳಿಯಿದೆ. ಇಟ್ಟಿಗೆಯ ವಿಶಾಲವಾದ ವಸತಿಗೃಹ, ಕೆಲಸದ ಮನೆಗಳು, ಹೊಲ, ತೋಟ, ದನದ ಕೊಟ್ಟಿಗೆ ಎಲ್ಲವೂ ಅಲ್ಲಿವೆ. ಕಟ್ಟಿದವರು ಮಾತ್ರ ಇಲ್ಲ. ಶೇಕರ್ ಎಂಬ ಕ್ರೈಸ್ತ ಪಂಥದವರು 1790ರಿಂದ 1960ರವರೆಗೆ ಅಲ್ಲಿ ಬಾಳಿದರು. ಕೊನೆಗುಳಿದ ಸೋದರಿಯರು ಹೊರಟುಹೋದ ಮೇಲೆ ಊರಿಗೆ ಊರೇ ವಸ್ತುಸಂಗ್ರಹಾಲಯವಾಯಿತು. ಅದನ್ನು ಕಾಣುವ ಅವಕಾಶ ಕೆಲವು ವರ್ಷಗಳ ಹಿಂದೆ ನನಗೆ ಒದಗಿತ್ತು.

ಮೊದಲು ಈ ಜನರ ವಿಚಾರವಾಗಿ ಎರಡು ಮಾತು. ಈ ಪಂಥಕ್ಕೆ ತಾಯಿಯಾದವಳು ಆನ್ ಲೀ. ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1736ರಲ್ಲಿ ಕಮ್ಮಾರನ ಮಗಳಾಗಿ ಹುಟ್ಟಿದವಳು, ಓದುಬರಹ ಅರಿಯದವಳು. ಹೆತ್ತ ನಾಲ್ಕು ಮಕ್ಕಳೂ ಎಳವೆಯಲ್ಲೇ ತೀರಿಹೋದುವು. 1774ರಲ್ಲಿ ಎಂಟು ಮಂದಿ ಅನುಯಾಯಿಗಳೊಡನೆ ಹಡಗು ಹತ್ತಿ ನ್ಯೂಯಾರ್ಕಿಗೆ ಬಂದಳು. ಹತ್ತೇ ವರ್ಷಗಳಲ್ಲಿ ಕಣ್ಮುಚ್ಚಿದಳು. ಪ್ರಾರ್ಥನೆಯ ಆವೇಶದಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದ ಇವರನ್ನು ಕಂಡು ಜನ ‘ನಡುಗುವವರು’ ಎಂದು ಹಾಸ್ಯಮಾಡಿದರು. ಆ ಹಾಸ್ಯದ ಹೆಸರೇ ನಿಂತಿತು. ದೇವರಲ್ಲಿ ತಂದೆತನದಂತೆ ತಾಯ್ತನವೂ ಉಂಟೆಂದು ಇವರ ನಂಬಿಕೆ. ಆಸ್ತಿ ಎಲ್ಲರದು, ಆಯುಧ ಯಾರಿಗೂ ಸಲ್ಲದು, ಗಂಡುಹೆಣ್ಣುಗಳು ಸಮಾನರು. ಇಷ್ಟರ ಮೇಲೆ, ಮದುವೆ ಕೂಡದು. ಒಂದೇ ಸೂರಿನಡಿ ಸೋದರರಿಗೊಂದು ಬಾಗಿಲು, ಸೋದರಿಯರಿಗೊಂದು ಬಾಗಿಲು. ಮೆಟ್ಟಿಲುಗಳೂ ಬೇರೆ ಬೇರೆ. ಇಂಥ ಒಂದೊಂದು ಬಳಗವನ್ನೂ ಇವರು ‘ಕುಟುಂಬ’ವೆಂದೇ ಕರೆಯುತ್ತಿದ್ದರು ಎಂಬುದನ್ನು ಕೇಳಿ ನನಗೆ ನಗು ಬಂದಿತು. ಆಮೇಲೆ ಯೋಚಿಸಿದರೆ, ನಗುವ ಮಾತಲ್ಲವೆನಿಸಿತು.

ಹ್ಯಾಂಕಾಕಿನಲ್ಲಿ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು 1826ರಲ್ಲಿ ಕಟ್ಟಿದ ದುಂಡನೆಯ ಕಲ್ಲಿನ ಕೊಟ್ಟಿಗೆ. ಹುಲ್ಲಿನ ಬಂಡಿ ಮೇಲಿನ ಅಂತಸ್ತಿಗೇ ಬರುತ್ತದೆ. ಗೋಡೆಯ ಗುಂಟ ಸುತ್ತುತ್ತ ನಡುವಿನ ಕಣಜಕ್ಕೆ ಹುಲ್ಲನ್ನು ಕೆಡವಿ, ಹಿಂದಕ್ಕೆ ತಿರುಗಿಸುವ ತಾಪತ್ರಯವಿಲ್ಲದೆ ಬಂದ ಬಾಗಿಲಿನಿಂದಲೇ ಹೊರಬೀಳುತ್ತದೆ. ಕೆಳಗೆ 50ಕ್ಕೂ ಹೆಚ್ಚು ಹಸುಗಳು ನಡುವಿಗೆ ಮುಖಮಾಡಿ ನಿಲ್ಲುತ್ತಿದ್ದುವು. ನಡುವೆ ನಿಂತ ಒಬ್ಬನೇ ಆಳು ಅಷ್ಟಕ್ಕೂ ಮೇವು ಹಾಕಬಹುದು. ಅದರ ಕೆಳಗೆ ಗೊಬ್ಬರದ ಗುಂಡಿ. 1864ರಲ್ಲಿ ಬೆಂಕಿಗೆ ಸಿಕ್ಕಿದ ಕೊಟ್ಟಿಗೆಯನ್ನು ಮತ್ತೆ ಎತ್ತಿ ನಿಲ್ಲಿಸಿದರು. ಕಣ್ಣಿಗೆ ಚೆಲುವಾಗಿ ಕಾಣುವ ಆ ದುಂಡಗಿನ ಆಕಾರ ಚೆಲುವಿಗಾಗಿ ಮಾಡಿದ್ದಲ್ಲ. ಆಳಿನ ಕಾಲಿಗೆ ಹೆಜ್ಜೆ ಉಳಿಯಲೆಂದು ಮಾಡಿದ್ದು.

ಅವರ ಅಂಡಾಕಾರದ ಮರದ ಡಬ್ಬಿಗಳನ್ನು ನೋಡಿ. ಮೇಪಲ್ ಮರದ ತೆಳುಪಟ್ಟಿಯನ್ನು ಬಿಸಿನೀರಿನಲ್ಲಿ ನೆನೆಸಿ ಅಚ್ಚಿನ ಸುತ್ತ ಬಾಗಿಸುತ್ತಾರೆ. ಪಟ್ಟಿಯ ತುದಿಯನ್ನು ಬೆರಳುಗಳಂತೆ ಸೀಳಿ ಕತ್ತರಿಸಿ ತಾಮ್ರದ ಪುಟ್ಟ ಮೊಳೆಗಳಿಂದ ಬಿಗಿಯುತ್ತಾರೆ. ಅಲಂಕಾರವೆಂದು ನಾನು ಭಾವಿಸಿದ್ದ ಆ ಬೆರಳುಗಳು, ಮರ ಹಿಗ್ಗಿ ಕುಗ್ಗುವಾಗ ಬಿರುಕು ಬಿಡದಿರಲೆಂದು ಮಾಡಿದ ಉಪಾಯ. ತಾಮ್ರವಾದರೂ, ಕಬ್ಬಿಣದಂತೆ ತುಕ್ಕು ಹಿಡಿದು ಮರಕ್ಕೆ ಕಲೆಮಾಡದೆಂದು. ವಸತಿಗೃಹದ ಗೋಡೆಗಳಲ್ಲಿ ಹುದುಗಿಸಿದ ಸೆಳೆಖಾನೆಗಳೇ 300ಕ್ಕೂ ಹೆಚ್ಚು. ಕಾಣುವಂತೆ ಹರಡಿದ ವಸ್ತು ಒಂದೂ ಇರಬಾರದು. ಕಾಯಕವೆಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದದ್ದು ನಿಜ. ಆದರೆ ನಮ್ಮ ಶರಣರು ಬಹುಮಟ್ಟಿಗೆ ಸಂಸಾರಿಗಳು; ಇವರೋ ಸಂಸಾರವನ್ನೇ ಒಲ್ಲದವರು. ಹೋಲಿಕೆಯನ್ನು ಬಹುದೂರ ಎಳೆಯಬಾರದು.

ಮದುವೆಯಿಲ್ಲದ ಸಮಾಜಕ್ಕೆ ಮುಂದಿನ ತಲೆಮಾರು ಎಲ್ಲಿಂದ? ಅನಾಥ ಮಕ್ಕಳನ್ನು ಸಾಕಿದರು. ಹೊರಗಿನಿಂದ ಬಂದವರನ್ನು ಸೇರಿಸಿಕೊಂಡರು. ಹತ್ತೊಂಬತ್ತನೆಯ ಶತಮಾನದ ನಡುವೆ ಹಲವು ಸಾವಿರ ಮಂದಿಯಿದ್ದರು. ಸಾಕಿದ ಮಕ್ಕಳು ಬೆಳೆದ ಮೇಲೆ ಉಳಿಯುವುದೋ ಹೋಗುವುದೋ ಅವರವರ ಇಚ್ಛೆ, ಹೆಚ್ಚಿನವರು ಹೋದರು. ಕಾರ್ಖಾನೆಯ ಅಗ್ಗದ ಸರಕು ಬಂದು ಇವರ ಕೈಕೆಲಸದ ಮಾರುಕಟ್ಟೆಯನ್ನೂ ಕಸಿದುಕೊಂಡಿತು.

ಪಿಟ್ಸ್‌ಫೀಲ್ಡಿನ ಎಡ್ವರ್ಡ್ ಡೆಮಿಂಗ್ ಆಂಡ್ರೂಸ್ ಮತ್ತು ಅವರ ಪತ್ನಿ ಫೇತ್ 1923ರಲ್ಲಿ ಒಂದು ದಿನ ಹ್ಯಾಂಕಾಕಿಗೆ ಹೋದದ್ದು ಬ್ರೆಡ್ ಕೊಳ್ಳಲೆಂದು. ಅಡುಗೆಮನೆಯ ಮೇಜುಕುರ್ಚಿಗಳನ್ನು ಕಂಡವರು ಅವುಗಳ ಬೆನ್ನುಹತ್ತಿ ಜೀವಮಾನವನ್ನೇ ಕಳೆದರು, ಕೊಂಡರು, ಬರೆದರು. ನ್ಯೂಯಾರ್ಕ್ ರಾಜ್ಯದ ಓಲ್ಡ್ ಚಾಥಮಿನಲ್ಲಿ ಜಾನ್ ವಿಲಿಯಮ್ಸ್ ಎಂಬವರು 1950ರಲ್ಲಿ ಇನ್ನೊಂದು ಶೇಕರ್ ವಸ್ತುಸಂಗ್ರಹಾಲಯವನ್ನು ತೆರೆದರು. ಇವರು ಇಲ್ಲದಿದ್ದರೆ ಎಷ್ಟೋ ವಸ್ತುಗಳು ಒಲೆಗೆ ಹೋಗುತ್ತಿದ್ದುವು. ಆದರೂ ಈ ಕಥೆಯ ಇನ್ನೊಂದು ಮುಖವನ್ನು ಮರೆಮಾಚಲಾರೆ. ಸ್ವಂತದ್ದೆಂಬ ಭಾವನೆಯನ್ನೇ ತೊರೆದವರ ಸಾಮಾನು ಸಿರಿವಂತರ ಸ್ವಂತದ ಆಸೆಗೆ ಗುರಿಯಾಯಿತು. 1990ರ ಹರಾಜಿನಲ್ಲಿ ಅವರ ಒಂದು ಕೆಲಸದ ಮೇಜು 2,20,000 ಡಾಲರಿಗೆ ಮಾರಾಟವಾಯಿತು. ಮೇಯ್ನ್ ರಾಜ್ಯದ ಸಬ್ಬತ್‌ಡೇ ಲೇಕಿನಲ್ಲಿದ್ದ ಸೋದರಿ ಮಿಲ್ಡ್ರೆಡ್ ಬಾರ್ಕರ್, ತಮ್ಮನ್ನು ಜನ ಒಂದು ಕುರ್ಚಿಯೆಂದೇ ನೆನಪಿಟ್ಟುಕೊಳ್ಳುವರೇನೋ ಎಂದು ಒಮ್ಮೆ ನೊಂದು ನುಡಿದಿದ್ದರು. ಆಕೆ ತೀರಿಕೊಂಡದ್ದೂ 1990ರಲ್ಲಿಯೇ.

ಸಬ್ಬತ್‌ಡೇ ಲೇಕಿನಲ್ಲಿ ಬೆರಳೆಣಿಕೆಯ ಶೇಕರರು ಇಂದಿಗೂ ಪ್ರಾರ್ಥಿಸುತ್ತ, ದುಡಿಯುತ್ತ ಇದ್ದಾರೆ. ಅಲ್ಲಿಗೆ ಹೋಗಲು ನನಗಾಗಲಿಲ್ಲ. ನಾನು ಕಂಡದ್ದು ಹ್ಯಾಂಕಾಕಿನ ಒಂದು ಕೋಣೆಯನ್ನು. ಅದರ ಗೋಡೆಯುದ್ದಕ್ಕೂ ಮರದ ಗೂಟಗಳ ಸಾಲು. ಒಂದು ಗೂಟದಲ್ಲಿ ಹಗುರವಾದ ಕುರ್ಚಿಯೊಂದು ತಲೆಕೆಳಗಾಗಿ ನೇತಾಡುತ್ತಿತ್ತು. ನೆಲ ಗುಡಿಸಲು ಅಡ್ಡಿಯಾಗದಿರಲೆಂದು ಗೂಟಕ್ಕೇರಿಸುವುದು. ಕೂರುವ ಜಾಗಕ್ಕೆ ಧೂಳು ಬೀಳದಿರಲೆಂದು ತಲೆಕೆಳಗಾಗಿಸುವುದು. ನೋಡಬಂದ ಮಗುವೊಂದು ಅದನ್ನು ಇಳಿಸಿಕೊಡಿರೆಂದು ತಾಯಿಯನ್ನು ಪೀಡಿಸುತ್ತಿತ್ತು. ಮುಟ್ಟಬಾರದು ಎಂದು ತಾಯಿ ಗದರಿಸಿದಳು. ಮಗು ಸ್ವಲ್ಪ ಹೊತ್ತು ಗೂಟವನ್ನೇ ನೋಡುತ್ತ ನಿಂತಿದ್ದು, ಆಮೇಲೆ ಗುಡಿಸಿ ಹಸನಾಗಿದ್ದ ಆ ಮರದ ನೆಲದ ಮೇಲೆಯೇ ಕುಳಿತುಬಿಟ್ಟಿತು.