ಬಿಸಿನೀರಿನ ಜಳಕ ಮತ್ತು ಪ್ರಾಯದವರ ಹೃದಯ

(ಮಂದ್ರೂಪದ ಕೂಟದಲ್ಲಿ ಮಾಡಿದ ಭಾಷಣ)



ಕಬ್ಬಿನ ಹೊಲದಿಂದಲೋ ದ್ರಾಕ್ಷಿ ತೋಟದಿಂದಲೋ ಸಂಜೆ ಮನೆಗೆ ಬಂದವರಿಗೆ ಹಂಡೆಯಲ್ಲಿ ಕಾದ ನೀರಿದ್ದರೆ ಅದೇ ದೊಡ್ಡ ಸುಖ. ಮಲೆನಾಡಿನ ಎಸ್ಟೇಟ್ ಲೈನುಗಳಲ್ಲಿ ಮಳೆಗೆ ನೆನೆದು ಬಂದವರಿಗೂ ಹಾಗೆಯೇ. ಈ ಜಳಕ ಹೃದಯಕ್ಕೆ ಒಳ್ಳೆಯದೋ ಕೆಟ್ಟದ್ದೋ ಎಂದು ನಮ್ಮ ತರುಣರು ಕೇಳುತ್ತಾರೆ. ಮೂವತ್ತರ ಪ್ರಾಯದವರಿಗೂ ಹೃದಯಾಘಾತವಾದ ಸುದ್ದಿ ಕಿವಿಗೆ ಬೀಳುತ್ತಿರುವಾಗ ಇದು ಸಣ್ಣ ಪ್ರಶ್ನೆಯಲ್ಲ.

ಬಿಸಿನೀರು ಮೈಮೇಲೆ ಬಿದ್ದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ರಕ್ತ ಆ ಕಡೆ ಹರಿದು ರಕ್ತದೊತ್ತಡ ಇಳಿಯುತ್ತದೆ; ಅದನ್ನು ಸರಿದೂಗಿಸಲು ಹೃದಯ ಬೇಗ ಬೇಗ ಬಡಿಯುತ್ತದೆ. ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದವರು ವ್ಯಾಯಾಮವಿಲ್ಲದ ಕೆಲವು ತರುಣ ತರುಣಿಯರನ್ನು ಎಂಟು ವಾರ, ವಾರಕ್ಕೆ ನಾಲ್ಕೈದು ಸಲ, ಸುಮಾರು 40 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಕೂಡಿಸಿ ನೋಡಿದರು. ಅವರ ರಕ್ತನಾಳಗಳು ಮೆತ್ತಗಾದವು, ರಕ್ತದೊತ್ತಡ ಸ್ವಲ್ಪ ಇಳಿಯಿತು. ಇದು 2016ರಲ್ಲಿ ಪ್ರಕಟವಾಯಿತು. ಜಪಾನಿನಲ್ಲಿ ಸುಮಾರು 30,000 ಮಂದಿ ನಡುವಯಸ್ಸಿನವರನ್ನು ಬಹಳ ವರ್ಷ ಗಮನಿಸಿ 2020ರಲ್ಲಿ ಬರೆದದ್ದೇನೆಂದರೆ, ದಿನಾಲು ತೊಟ್ಟಿಯ ಜಳಕ ಮಾಡುವವರಲ್ಲಿ ಹೃದಯ ಮತ್ತು ರಕ್ತನಾಳದ ರೋಗ ಶೇಕಡಾ 28ರಷ್ಟು ಕಡಿಮೆ.

ಆದರೆ ಅವರ ಜಳಕ ಬೇರೆ, ನಮ್ಮದು ಬೇರೆ. ಅವರು ಕುತ್ತಿಗೆಯವರೆಗೆ ಮುಳುಗಿ ಬಹಳ ಹೊತ್ತು ಕೂಡುತ್ತಾರೆ. ನಾವು ಎರಡು ಕೊಡ ನೀರನ್ನು ತಂಬಿಗೆಯಿಂದ ಸುರುವಿಕೊಂಡು ಎದ್ದು ಬರುತ್ತೇವೆ. ತಂಬಾಕು ಜಗಿಯುತ್ತ, ಬೀಡಿ ಸೇದುತ್ತ, ಬಿಸಿನೀರು ಹೃದಯವನ್ನು ಕಾಯುತ್ತದೆಂದು ನಂಬುವುದು ತಪ್ಪು.

ಬೇಸಿಗೆಯಲ್ಲಿ ಸೋಲಾಪುರದ ಕಡೆ ಬಿಸಿಲು 42 ಡಿಗ್ರಿ ದಾಟುತ್ತದೆ. ಬೆವರು ಸುರಿಸಿ ಮೈಯ ನೀರು ಇಂಗಿಸಿಕೊಂಡು ಬಂದವನು ನೇರವಾಗಿ ಸುಡುನೀರಿಗೆ ಕೂತರೆ ಏಳುವಾಗ ಕಣ್ಣು ಕತ್ತಲೆಗಟ್ಟಿ ಬಚ್ಚಲ ಕಲ್ಲಿನ ಮೇಲೆ ಬೀಳಬಹುದು. ಕುಡಿದು ಬಂದವನಿಗಂತೂ ಅಪಾಯ ಇಮ್ಮಡಿ. ಮೊದಲು ನೀರು ಕುಡಿಯಿರಿ, ನೆರಳಲ್ಲಿ ಸ್ವಲ್ಪ ಕೂಡಿರಿ, ಆಮೇಲೆ ಉಗುರುಬೆಚ್ಚಗಿನ ನೀರು.

ಇನ್ನೊಂದು ಮಾತು ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಎದೆ ಹಿಂಡಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಿದು, ತಣ್ಣನೆಯ ಬೆವರು ಬಂದರೆ ನಮ್ಮ ಮನೆಗಳಲ್ಲಿ “ವಾಯು ಹಿಡಿದಿದೆ” ಎಂದು ಎಣ್ಣೆ ತಿಕ್ಕಿ ಬಿಸಿನೀರು ಹಾಕುತ್ತಾರೆ. ಹೃದಯದ ನಾಳ ಕಟ್ಟಿಕೊಂಡಿದ್ದರೆ ಯಾವ ಹಂಡೆಯ ನೀರೂ ಅದನ್ನು ಬಿಡಿಸದು. ಕಳೆಯುವ ಒಂದೊಂದು ಗಳಿಗೆಗೂ ಹೃದಯದ ಮಾಂಸ ಸಾಯುತ್ತದೆ. ಪ್ರವಾದಿ ಎಲೀಷನು ಹೊಳೆಯಲ್ಲಿ ಮುಳುಗೆಂದಾಗ ನಾಮಾನನು ಮದ್ದು ಬಹಳ ಸುಲಭವಾಯಿತೆಂದು ಸಿಟ್ಟಾದನು. ನಾವು ಅವನ ತಿರುಗುಮುರುಗು: ಸುಲಭದ ನೀರನ್ನು ಹಿಡಿದು ಆಸ್ಪತ್ರೆಯನ್ನು ಬಿಡುತ್ತೇವೆ. ವಯಸ್ಸು ನೋಡಬೇಡಿರಿ. 108ಕ್ಕೆ ಫೋನ್ ಮಾಡಿರಿ. ಕೂಲಿ ಹೋಗುತ್ತದೆಂದು ಬೆಳಗಿನವರೆಗೆ ಕಾಯಬೇಡಿರಿ.

ತಾಯಂದಿರೇ, ಬಾಣಂತಿಯ ನೀರಿನ ವಿಷಯ. ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ಎಳೆಯ ಹೆಂಗಸಿಗೆ ಮುಚ್ಚಿದ ಬಚ್ಚಲಲ್ಲಿ ಕೊಡಗಟ್ಟಲೆ ಸುಡುನೀರು ಎರೆದರೆ ತಲೆ ತಿರುಗುವುದು ಸಹಜ. ಕೈಗೆ ಹಿತವಾದಷ್ಟೇ ಬಿಸಿ ಸಾಕು. ಹೆರಿಗೆಯಾಗಿ ಆರು ವಾರದೊಳಗೆ ಬಹಳ ತಲೆನೋವು, ಕಣ್ಣು ಮಂಜು, ಉಸಿರು ಕಟ್ಟುವುದು ಕಂಡರೆ ಅದು ರಕ್ತದೊತ್ತಡ ಏರಿದ್ದಿರಬಹುದು. ನೀರು ಎರೆಯುವುದನ್ನು ಬಿಟ್ಟು ಆ ದಿನವೇ ಡಾಕ್ಟರಿಗೆ ತೋರಿಸಿರಿ. ಕೆಂಡ ಇಟ್ಟು ಬಾಗಿಲು ಮುಚ್ಚುವ ರೂಢಿಯೂ ಬೇಡ, ಅದರ ವಿಷಗಾಳಿಗೆ ವಾಸನೆಯಿಲ್ಲ. ಬಚ್ಚಲ ಚಿಲಕ ಒಳಗಿನಿಂದ ಹಾಕದೆ, ಅತ್ತೆಯೋ ನಾದಿನಿಯೋ ಹೊರಗೆ ನಿಂತು ಆಗಾಗ ಮಾತಾಡಿಸುತ್ತಿರಲಿ.