ಕೂಡಿಸುವ ಕೊಂಡಿ

(ಹೊಸೂರು ಸೀಮೆಯ ನಮ್ಮ ಶಾಲೆಯ ಪಾಲಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರು, ಬಿ.ಎ., ಬಿ.ಟಿ., ಇವರು ಮಾಡಿದ ಭಾಷಣ)



ಪಾಲಕರ ಸಭೆಯಲ್ಲಿ ಹಾಜರಿ, ಪರೀಕ್ಷೆ, ಶಿಸ್ತು ಇವುಗಳನ್ನು ಕುರಿತು ಮಾತನಾಡುವುದು ವಾಡಿಕೆ. ಇಂದು ಆ ವಾಡಿಕೆಯನ್ನು ಬದಿಗಿರಿಸಿ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ವಸ್ತುವಿನ ವಿಚಾರವಾಗಿ ನಾಲ್ಕು ಮಾತುಗಳನ್ನಾಡಲು ತಮ್ಮ ಅಪ್ಪಣೆಯನ್ನು ಬೇಡುತ್ತೇನೆ. ಆ ವಸ್ತುವೇ ವಿದ್ಯುತ್ ವಾಹನಗಳನ್ನು ಚಾರ್ಜ್ ಮಾಡುವಾಗ ಪ್ಲಗ್ಗಿಗೂ ಸಾಕೆಟ್ಟಿಗೂ ನಡುವೆ ಸಿಕ್ಕಿಸುವ ಅಡಾಪ್ಟರು. ಅಂಗಡಿಯಲ್ಲಿ ಇದನ್ನು ಕನ್ವರ್ಟರ್ ಪ್ಲಗ್ ಎಂದೂ ಕರೆಯುವರು.

ಈ ವಿಷಯಕ್ಕೂ ನಮ್ಮ ಸೀಮೆಗೂ ನಿಕಟವಾದ ಸಂಬಂಧವುಂಟು. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಪುಟ್ಟ ಕಾರು ಮನೆಯ 15 ಆ್ಯಂಪಿಯರ್ ಸಾಕೆಟ್ಟಿನಿಂದಲೇ ಚಾರ್ಜ್ ಆಗುತ್ತಿತ್ತು. ಇಂದು ಟಿ.ವಿ.ಎಸ್. ಮತ್ತು ಏಥರ್ ಕಂಪನಿಗಳ ವಿದ್ಯುತ್ ಸ್ಕೂಟರುಗಳು ನಮ್ಮ ಹೊಸೂರಿನ ಕಾರ್ಖಾನೆಗಳಿಂದಲೇ ಹೊರಬೀಳುತ್ತಿವೆ. ಇಲ್ಲಿ ಕುಳಿತಿರುವ ಪಾಲಕರಲ್ಲಿ ಕೆಲವರು ಅಂತಹ ವಾಹನಗಳ ಮೇಲೆಯೇ ಬಂದಿದ್ದೀರಿ. ಹೊಗೆಯಿಲ್ಲ, ಗದ್ದಲವಿಲ್ಲ, ಖರ್ಚೂ ಮಿತ. ಆ ವಾಹನವನ್ನು ನಾನು ದೂಷಿಸಲು ನಿಂತಿಲ್ಲ. ಅದನ್ನು ರಾತ್ರಿ ಮನೆಯ ಗೋಡೆಗೆ ಜೋಡಿಸುವ ಬಗೆಯನ್ನು ವಿಚಾರಮಾಡಬೇಕೆಂಬುದಷ್ಟೇ ನನ್ನ ಅಪೇಕ್ಷೆ.

ಮೊದಲು ನಮ್ಮ ಮನೆಯ ಗೋಡೆಯನ್ನೇ ನೋಡೋಣ. ದುಂಡನೆಯ ಮೂರು ಪಿನ್ನುಗಳ ಪ್ಲಗ್ಗು ನಮಗೆ ಬ್ರಿಟಿಷರಿಂದ ಬಂದದ್ದು. 1934ರ ಬಿ.ಎಸ್. 546 ಎಂಬ ಮಾನಕ ಅದರ ಮೂಲ. ಬ್ರಿಟನ್ 1947ರಲ್ಲಿ ಚಪ್ಪಟೆ ಪಿನ್ನುಗಳ ಬೇರೊಂದು ಮಾದರಿಯನ್ನು ಅಂಗೀಕರಿಸಿತು. ನಾವು ದುಂಡು ಪಿನ್ನುಗಳನ್ನೇ ಉಳಿಸಿಕೊಂಡೆವು. ಇದರಲ್ಲಿ ಎರಡು ಗಾತ್ರಗಳಿವೆ. ದೀಪ, ಫ್ಯಾನು, ದೂರದರ್ಶನ ಇವುಗಳಿಗೆ ಚಿಕ್ಕದು; ಇದನ್ನು ಹಿಂದೆ 5 ಆ್ಯಂಪಿಯರ್ ಎನ್ನುತ್ತಿದ್ದರು, ಈಗಿನ ಭಾರತೀಯ ಮಾನಕದಲ್ಲಿ 6. ಗೀಸರು, ನೀರೆತ್ತುವ ಮೋಟಾರು ಇವುಗಳಿಗೆ ದೊಡ್ಡದು. ಹಿಂದೆ 15, ಈಗ 16. ಇದನ್ನೇ ನಾವು ಪವರ್ ಪ್ಲಗ್ ಎನ್ನುವುದು. ಚಿಕ್ಕದರ ಪಿನ್ನು ಸುಮಾರು 5 ಮಿಲಿಮೀಟರ್ ದಪ್ಪ, ದೊಡ್ಡದರ ಪಿನ್ನು ಸುಮಾರು 7 ಮಿಲಿಮೀಟರ್ ದಪ್ಪ. ಗೋಡೆಯೊಳಗಿನ ತಂತಿಯಲ್ಲಿಯೂ ಇದೇ ಭೇದ. ಚಿಕ್ಕ ಸಾಕೆಟ್ಟಿಗೆ ಸಾಮಾನ್ಯವಾಗಿ ಒಂದು ಅಥವಾ ಒಂದೂವರೆ ಚದರ ಮಿಲಿಮೀಟರಿನ ತಂತಿ. ದೊಡ್ಡದಕ್ಕೆ ಎರಡೂವರೆ ಅಥವಾ ನಾಲ್ಕು.

ದೊಡ್ಡ ಪ್ಲಗ್ಗು ಚಿಕ್ಕ ಸಾಕೆಟ್ಟಿನೊಳಗೆ ಹೋಗುವುದಿಲ್ಲ. ಅನೇಕರು ಇದನ್ನೊಂದು ತೊಂದರೆಯೆಂದು ಬಗೆಯುತ್ತಾರೆ. ಮಹನೀಯರೇ, ಅದು ತೊಂದರೆಯಲ್ಲ, ಬುದ್ಧಿವಾದ. “ನಿನ್ನ ಹಸಿವನ್ನು ತೀರಿಸುವ ಶಕ್ತಿ ನನಗಿಲ್ಲ, ಬೇರೆಡೆಗೆ ಹೋಗು” ಎಂದು ಗೋಡೆಯೇ ಹೇಳುವ ಮಾತು ಅದು. ಹತ್ತಾರು ರೂಪಾಯಿ ಕೊಟ್ಟು ತಂದ ಕನ್ವರ್ಟರ್ ಪ್ಲಗ್ಗು ಈ ಬುದ್ಧಿವಾದದ ಬಾಯಿಯನ್ನು ಮುಚ್ಚಿಸುತ್ತದೆ. ಅದು ಆಕಾರವನ್ನು ಹೊಂದಿಸುತ್ತದೆ. ಗೋಡೆಯೊಳಗಿನ ತಂತಿಯನ್ನು ಒಂದು ಕೂದಲೆಳೆಯಷ್ಟೂ ದಪ್ಪಮಾಡುವುದಿಲ್ಲ.

ಏಳನೆಯ ತರಗತಿಯ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. “ಅಗಲವಾದ ಪೈಪಿಗೆ ಕಿರಿದಾದ ಪೈಪನ್ನು ಜೋಡಿಸಿದರೆ ನೀರು ಕಡಿಮೆ ಬರುತ್ತದೆ, ಅಷ್ಟೇ. ವಿದ್ಯುತ್ತೂ ಕಡಿಮೆ ಬಂದೀತು. ಅಪಾಯವೇನು?” ಪ್ರಶ್ನೆ ಬಹಳ ಒಳ್ಳೆಯದು. ಆದರೆ ಹೋಲಿಕೆ ಇಲ್ಲಿ ಕೈಕೊಡುತ್ತದೆ. ಕಾರಿನ ಚಾರ್ಜರು ತನಗೆ ನಿಯಮಿತವಾದಷ್ಟು ಪ್ರವಾಹವನ್ನು ಎಳೆದೇ ಎಳೆಯುತ್ತದೆ. ತಂತಿಯೂ ಸಾಕೆಟ್ಟೂ ತಮ್ಮ ಯೋಗ್ಯತೆಗೆ ಮೀರಿ ಅದನ್ನು ಹೊತ್ತು, ಕಾಯುತ್ತವೆ. ಎಷ್ಟು ಕಾಯುತ್ತವೆ? ಇಂಗ್ಲೆಂಡಿನ ಜೌಲ್ ಎಂಬ ವಿಜ್ಞಾನಿ 1841ರಲ್ಲಿ ಪ್ರಕಟಿಸಿದ ನಿಯಮ ಇದನ್ನು ತಿಳಿಸುತ್ತದೆ. ತಂತಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದದ್ದು. ಪ್ರವಾಹ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು.

ಲೆಕ್ಕವನ್ನು ಕೂಡಿಯೇ ಮಾಡೋಣ. ಕಾರಿನೊಡನೆ ಕೊಡುವ ಸಾಮಾನ್ಯ ಚಾರ್ಜರಿನ ಶಕ್ತಿ 3,300 ವಾಟ್ ಎಂದಿಟ್ಟುಕೊಳ್ಳಿ. ನಮ್ಮ ಮನೆಯ 230 ವೋಲ್ಟಿನಿಂದ ಭಾಗಿಸಿದರೆ 14 ಆ್ಯಂಪಿಯರಿಗಿಂತ ತುಸು ಹೆಚ್ಚು ಬರುತ್ತದೆ. ಸ್ಕೂಟರಿನ ಚಾರ್ಜರು 750 ವಾಟಿನದಾದರೆ 3 ಆ್ಯಂಪಿಯರಿಗಿಂತ ತುಸು ಹೆಚ್ಚು. ಈಗ ಹಳೆಯದಾಗಿ ಸಡಿಲಗೊಂಡ ಒಂದು ಸಾಕೆಟ್ಟಿನಲ್ಲಿ ಪಿನ್ನಿಗೂ ಹಿತ್ತಾಳೆಗೂ ನಡುವೆ ಓಮಿನ ಹತ್ತನೆಯ ಒಂದು ಭಾಗದಷ್ಟು ರೋಧವಿದೆ ಎಂದು ಭಾವಿಸೋಣ. ಸ್ಕೂಟರಿನ ಮೂರು ಆ್ಯಂಪಿಯರ್ ಹರಿದರೆ ಅಲ್ಲಿ ಹುಟ್ಟುವ ಶಾಖ ಒಂದು ವಾಟಿಗೂ ಕಡಿಮೆ. ಕಾರಿನ ಹದಿನಾಲ್ಕು ಆ್ಯಂಪಿಯರ್ ಹರಿದರೆ ಹೆಚ್ಚುಕಡಿಮೆ ಇಪ್ಪತ್ತು ವಾಟ್. ರೇಡಿಯೋ ರಿಪೇರಿಯವರು ಸೀಸವನ್ನು ಕರಗಿಸಿ ಬೆಸುಗೆ ಹಾಕುವ ಕಡ್ಡಿಯ ಶಕ್ತಿ 25 ವಾಟ್. ಅಂತಹ ಒಂದು ಕಡ್ಡಿಯನ್ನು ಕಾಯಿಸಿ ನಿಮ್ಮ ಪ್ಲಾಸ್ಟಿಕ್ ಸಾಕೆಟ್ಟಿನೊಳಗೆ ಇರಿಸಿ, ಬಾಗಿಲು ಹಾಕಿಕೊಂಡು ಮಲಗುವಿರಾ?

ಇನ್ನೊಂದು ಮಾತು. ಇಸ್ತ್ರಿಪೆಟ್ಟಿಗೆ ಕಾದೊಡನೆ ತಾನೇ ನಿಂತು ನಿಂತು ನಡೆಯುತ್ತದೆ. ಗೀಸರು ಅರ್ಧ ಗಂಟೆ ಉರಿದೀತು, ಮಿಕ್ಸಿ ಐದು ನಿಮಿಷ. 30 ಯೂನಿಟ್ ಹಿಡಿಸುವ ಕಾರಿನ ಬ್ಯಾಟರಿಯಾದರೋ ಇಂತಹ ಚಾರ್ಜರಿನಿಂದ ತುಂಬಲು ಒಂಬತ್ತು ಹತ್ತು ಗಂಟೆ ಬೇಕು. ಎಡೆಬಿಡದೆ, ಅದೂ ಮನೆಯವರು ನಿದ್ರಿಸುವ ಹೊತ್ತಿನಲ್ಲಿ. “ಎಂ.ಸಿ.ಬಿ. ಇದೆಯಲ್ಲ, ಅದು ಬಿದ್ದುಹೋಗುವುದು” ಎಂಬ ಧೈರ್ಯವೂ ಸಾಲದು. ಎಂ.ಸಿ.ಬಿ. ಅಳೆಯುವುದು ಪ್ರವಾಹವನ್ನು. ಸಡಿಲವಾದ ಒಂದು ಪಿನ್ನಿನ ಬಳಿ ಶಾಖವೇರಿದರೂ ಪ್ರವಾಹವು ಮಿತಿಯೊಳಗಿದ್ದರೆ ಅದು ಸುಮ್ಮನಿರುವುದು.

ಈ ಮೇಜಿನ ಮೇಲೆ ಒಂದು ಅಡಾಪ್ಟರನ್ನು ಇಟ್ಟಿದ್ದೇನೆ. ಒಬ್ಬ ಪಾಲಕರು ತಂದುಕೊಟ್ಟದ್ದು. ಇದರ ಒಂದು ಮಗ್ಗುಲು ಕಂದಿದೆ, ಪ್ಲಾಸ್ಟಿಕ್ಕು ಕರಗಿ ಪಿನ್ನು ಓರೆಯಾಗಿದೆ. ಹಬ್ಬಕ್ಕೆ ಬಂದ ನೆಂಟರ ಕಾರನ್ನು ನಡುಮನೆಯ ಚಿಕ್ಕ ಸಾಕೆಟ್ಟಿಗೆ ಇದರ ಮೂಲಕ ಜೋಡಿಸಿದ್ದರು. ನಡುರಾತ್ರಿ ಸುಟ್ಟ ವಾಸನೆಗೆ ಎಚ್ಚೆತ್ತ ಅಜ್ಜಿಯವರು ಮಗನನ್ನು ಎಬ್ಬಿಸಿದರು, ಆತ ಮೇನ್ ಸ್ವಿಚ್ಚನ್ನು ಆರಿಸಿದರು. ಆ ಸಾಕೆಟ್ಟಿನಿಂದ ಎರಡು ಮೊಳ ದೂರದಲ್ಲಿ ನಮ್ಮ ಶಾಲೆಯ ಇಬ್ಬರು ಮಕ್ಕಳು ಚಾಪೆಯ ಮೇಲೆ ಮಲಗಿದ್ದರು. ಸಭೆ ಮುಗಿದ ಮೇಲೆ ಎಲ್ಲರೂ ಇದನ್ನು ಕೈಯಲ್ಲಿ ಹಿಡಿದು ನೋಡಬೇಕೆಂದು ಪ್ರಾರ್ಥನೆ.

ಹಾಗಾದರೆ ಅಡಾಪ್ಟರುಗಳೆಲ್ಲವೂ ಕೆಟ್ಟವೇ? ಖಂಡಿತವಾಗಿಯೂ ಅಲ್ಲ. ಎರಡು ಕಡೆಯ ಯೋಗ್ಯತೆಯೂ ಸಮನಾಗಿದ್ದು ಆಕಾರ ಮಾತ್ರ ಬೇರೆಯಾಗಿದ್ದರೆ ಅಡಾಪ್ಟರು ಉಪಕಾರಿಯೇ ಸರಿ. 2017ರಲ್ಲಿ ನಮ್ಮ ದೇಶದಲ್ಲಿ ಭಾರತ್ ಎ.ಸಿ. 001 ಎಂಬ ಸಾರ್ವಜನಿಕ ಚಾರ್ಜರಿನ ಮಾದರಿಯನ್ನು ಗೊತ್ತುಮಾಡಿದರು. ಅದರಲ್ಲಿರುವುದು ಕಾರ್ಖಾನೆಗಳಲ್ಲಿ ಬಳಸುವ ಮಾದರಿಯ 16 ಆ್ಯಂಪಿಯರ್ ಸಾಕೆಟ್ಟು. ಮನೆಯ 16 ಆ್ಯಂಪಿಯರ್ ಪ್ಲಗ್ಗನ್ನು ಅದಕ್ಕೆ ಹೊಂದಿಸುವ ಅಡಾಪ್ಟರು ಸರಿಯಾಗಿ ತಯಾರಾದದ್ದಾದರೆ ನ್ಯಾಯವಾದ ಅಡಾಪ್ಟರು. ಹದಿನಾರನ್ನು ಹದಿನಾರಕ್ಕೇ ಸೇರಿಸುತ್ತದೆ. ಅಮೆರಿಕದಲ್ಲಿ ಟೆಸ್ಲಾ ಕಂಪನಿಯವರು 2022ರಲ್ಲಿ ತಮ್ಮ ಕೊಂಡಿಯ ವಿನ್ಯಾಸವನ್ನು ಇತರರಿಗೂ ತೆರೆದಿಟ್ಟರು. 2024ರಿಂದ ಫೋರ್ಡ್ ಕಾರುಗಳು ಅಡಾಪ್ಟರಿನ ಮೂಲಕ ಟೆಸ್ಲಾ ಚಾರ್ಜರುಗಳಲ್ಲಿ ಚಾರ್ಜ್ ಆಗತೊಡಗಿದವು. ಅಲ್ಲಿ ಹರಿಯುವುದು ನೂರಾರು ಆ್ಯಂಪಿಯರ್. ಆ ಅಡಾಪ್ಟರನ್ನು ಅಷ್ಟು ಭಾರವನ್ನು ಹೊರಲೆಂದೇ ನಿರ್ಮಿಸಿರುತ್ತಾರೆ.

ಒಳ್ಳೆಯ ಕೊಂಡಿಗಳಲ್ಲಿ ಇನ್ನೊಂದು ಸ್ವಾರಸ್ಯವುಂಟು. ಯುರೋಪಿನಲ್ಲಿಯೂ ನಮ್ಮ ದೇಶದ ಕಾರುಗಳಲ್ಲಿಯೂ ಬಳಕೆಯಲ್ಲಿರುವ ಟೈಪ್ 2 ಎಂಬ ಕೊಂಡಿಯಲ್ಲಿ ಏಳು ಪಿನ್ನುಗಳಿವೆ. ಐದು ವಿದ್ಯುತ್ತಿಗೂ ಭೂಸಂಪರ್ಕಕ್ಕೂ ಮೀಸಲು. ಉಳಿದೆರಡು ಚಿಕ್ಕ ಪಿನ್ನುಗಳು ಸಂಭಾಷಣೆಗೆ! ಚಾರ್ಜರು ಸೆಕೆಂಡಿಗೆ ಸಾವಿರ ಬಾರಿ ಏರಿಳಿಯುವ ಸಂಕೇತವೊಂದನ್ನು ಕಳುಹಿಸುತ್ತದೆ. ಒಂದೊಂದು ಆವರ್ತದಲ್ಲಿಯೂ ಸಂಕೇತವು ಏರಿರುವ ಕಾಲ ನೂರಕ್ಕೆ ಹತ್ತರಷ್ಟಿದ್ದರೆ “6 ಆ್ಯಂಪಿಯರ್ ಕೊಡಬಲ್ಲೆ” ಎಂದರ್ಥ. ಐವತ್ತರಷ್ಟಿದ್ದರೆ “30 ಕೊಡಬಲ್ಲೆ” ಎಂದರ್ಥ. ಕಾರು ಅದನ್ನು ಓದಿಕೊಂಡು ತನ್ನ ಹಸಿವನ್ನು ಅಷ್ಟಕ್ಕೇ ತಗ್ಗಿಸಿಕೊಳ್ಳುತ್ತದೆ. ಕೊಂಡಿಯನ್ನು ಕೀಳುವಾಗ ಈ ಗಿಡ್ಡ ಪಿನ್ನುಗಳು ಮೊದಲು ಬಿಡುತ್ತವೆ. ಒಡನೆಯೇ ಪ್ರವಾಹ ನಿಲ್ಲುತ್ತದೆ. ಆಮೇಲೆ ದಪ್ಪ ಪಿನ್ನುಗಳು ಕಿಡಿಯಿಲ್ಲದೆ ಬೇರ್ಪಡುತ್ತವೆ.

ಮನೆಯ ಸಾಕೆಟ್ಟಾದರೋ ಮೂಕ. ಅದಕ್ಕೆ ಈ ಮಾತು ಬಾರದು. ಆದುದರಿಂದ ಕಾರಿನ ಮನೆಚಾರ್ಜರಿನ ತಂತಿಯ ನಡುವೆ ಇರುವ ಪೆಟ್ಟಿಗೆಯೇ ಗೋಡೆಯ ಪರವಾಗಿ ಮಾತನಾಡುತ್ತದೆ. ತನ್ನ ತುದಿಯಲ್ಲಿರುವುದು 16 ಆ್ಯಂಪಿಯರ್ ಪ್ಲಗ್ಗು, ಅದನ್ನು 16 ಆ್ಯಂಪಿಯರ್ ಸಾಕೆಟ್ಟಿಗೇ ಚುಚ್ಚಿರುವರೆಂದು ನಂಬಿ ಕಾರಿಗೆ ವಚನ ಕೊಡುತ್ತದೆ. ನಡುವೆ ನೀವೊಂದು ಕನ್ವರ್ಟರನ್ನು ಸಿಕ್ಕಿಸಿ ಚಿಕ್ಕ ಸಾಕೆಟ್ಟಿಗೆ ಇಳಿಸಿದಿರೆಂಬುದು ಅದಕ್ಕೆ ತಿಳಿಯುವ ಬಗೆಯಿಲ್ಲ. ಕನ್ನಡ, ತಮಿಳು, ತೆಲುಗು ಮೂರೂ ಕೂಡಿ ಬಾಳುವ ಈ ಸೀಮೆಯಲ್ಲಿ ದುಭಾಷಿಯ ಬೆಲೆ ನಮಗೆ ಚೆನ್ನಾಗಿ ಗೊತ್ತು. ಕೊಡುವವನ ಶಕ್ತಿಯನ್ನೇ ಅರಿಯದ ದುಭಾಷಿಯು ಸಂತೆಯಲ್ಲಿ ನೂರು ಮೂಟೆಗೆ ಮಾತುಕೊಟ್ಟರೆ ಆ ವ್ಯಾಪಾರದ ಗತಿಯೇನು?

ಅಡಾಪ್ಟರಿನಿಂದ ಆಗದ ಇನ್ನೊಂದು ಕೆಲಸವುಂಟು. ಮನೆಗೆ ಬರುವುದು ಪರ್ಯಾಯ ಪ್ರವಾಹ, ಬ್ಯಾಟರಿಗೆ ಬೇಕಾದದ್ದು ನೇರ ಪ್ರವಾಹ. ಈ ಮಾರ್ಪಾಡನ್ನು ವಾಹನದ ಅಥವಾ ಚಾರ್ಜರಿನ ಒಳಗಿನ ಯಂತ್ರ ಮಾಡಬೇಕೇ ಹೊರತು ಬರಿಯ ಅಡಾಪ್ಟರಲ್ಲ. ಆದುದರಿಂದ “ಇದನ್ನು ಹಾಕಿದರೆ ಬೇಗ ಚಾರ್ಜ್ ಆಗುವುದು” ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ನಿಜವಾದ ಪರಿಹಾರ ಒಮ್ಮತದಲ್ಲಿದೆ. ಎಲ್ಲರೂ ಒಂದೇ ಮಾದರಿಗೆ ಒಪ್ಪಿದಲ್ಲಿ ಅಡಾಪ್ಟರಿನ ಹಂಗೇ ಇಲ್ಲ. 2023ರಲ್ಲಿ ಭಾರತೀಯ ಮಾನಕ ಬ್ಯೂರೋದವರು ಹಗುರ ವಾಹನಗಳಿಗಾಗಿ ನಮ್ಮ ದೇಶದಲ್ಲಿಯೇ ರೂಪುಗೊಂಡ ಕೊಂಡಿಯೊಂದನ್ನು ಮಾನಕವಾಗಿ ಅಂಗೀಕರಿಸಿದರು. ಹೊಸೂರಿನಲ್ಲಿ ತಯಾರಾಗುವ ಏಥರ್ ಸ್ಕೂಟರಿನ ಕೊಂಡಿಯೇ ಅದು. ಇದು ನಾವು ಹೆಮ್ಮೆಪಡತಕ್ಕ ವಿಷಯ.

ಇನ್ನು ಪಾಲಕರಲ್ಲಿ ಕೆಲವು ವಿಜ್ಞಾಪನೆಗಳು. ಮನೆಯಲ್ಲಿ ವಿದ್ಯುತ್ ವಾಹನವಿದ್ದರೆ ಅದಕ್ಕಾಗಿಯೇ ಮೀಟರ್ ಬೋರ್ಡಿನಿಂದ ಬೇರೊಂದು ತಂತಿಯನ್ನೆಳೆದು, ಪ್ರತ್ಯೇಕ ಎಂ.ಸಿ.ಬಿ.ಯೊಡನೆ 16 ಆ್ಯಂಪಿಯರ್ ಸಾಕೆಟ್ಟನ್ನು ಹಾಕಿಸಿ. ಈ ಕೆಲಸವನ್ನು ಲೈಸೆನ್ಸ್ ಪಡೆದ ವೈರ್‌ಮನ್ನರೇ ಮಾಡಲಿ. ಬಾಡಿಗೆ ಮನೆಯವರು ಸಂಕೋಚಪಡದೆ ಮಾಲೀಕರನ್ನು ಕೇಳಿ. ಉಳಿಯುವುದು ಅವರ ಮನೆಯೇ ಅಲ್ಲವೇ? 30 ಮಿಲಿ ಆ್ಯಂಪಿಯರ್ ಸೋರಿದರೂ ಸಂಪರ್ಕವನ್ನು ಕಡಿಯುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಇರಲಿ. ಮೂರನೆಯ ಪಿನ್ನು ಉಳಿದೆರಡಕ್ಕಿಂತ ಉದ್ದವಾಗಿರುವುದು ಭೂಸಂಪರ್ಕವು ಎಲ್ಲಕ್ಕಿಂತ ಮೊದಲು ಕೂಡಿ ಕೊನೆಗೆ ಬಿಡಲೆಂದು. ಅದನ್ನು ಮುರಿದು ಅಥವಾ ಎರಡು ಪಿನ್ನಿನ ಅಡಾಪ್ಟರು ಹಾಕಿ ಬಳಸಬೇಡಿ. ಎಕ್ಸ್‌ಟೆನ್ಷನ್ ಪೆಟ್ಟಿಗೆಯ ಮೂಲಕ, ಅದರಲ್ಲಿಯೂ ಸುರುಳಿ ಬಿಚ್ಚದ ತಂತಿಯ ಮೂಲಕ, ಚಾರ್ಜ್ ಮಾಡಬೇಡಿ. ಸ್ಕೂಟರಿನ ಪ್ರವಾಹ ಚಿಕ್ಕದೆಂಬುದು ನಿಜ. ಆದರೂ ಸಾಕೆಟ್ಟು ಸಡಿಲವಾಗಿದ್ದರೆ ಅಥವಾ ಅದರ ಬಣ್ಣ ಕಂದಿದ್ದರೆ ಮೊದಲು ಅದನ್ನು ಬದಲಿಸಿ.

ನಮ್ಮ ಶಾಲೆಯಲ್ಲಿಯೂ ಕಂಪ್ಯೂಟರ್ ಕೋಣೆಯ ಸಾಕೆಟ್ಟುಗಳಿಂದ ಯಾರ ವಾಹನವನ್ನೂ, ನನ್ನದನ್ನೂ ಸೇರಿಸಿ, ಚಾರ್ಜ್ ಮಾಡಕೂಡದೆಂದು ನಿಯಮ ಮಾಡಿದ್ದೇವೆ. ಸೈಕಲ್ ಷೆಡ್ಡಿನ ಬಳಿ ಪ್ರತ್ಯೇಕ ಸಾಕೆಟ್ಟನ್ನು ಹಾಕಿಸಲು ಧರ್ಮಸಂಸ್ಥೆಯವರು ಒಪ್ಪಿದ್ದಾರೆ. ಅವರಿಗೆ ನಮ್ಮ ಕೃತಜ್ಞತೆಗಳು ಸಲ್ಲಬೇಕು.

ವಿದ್ಯಾರ್ಥಿಗಳೇ, ನಿಮಗೊಂದು ಮನೆಗೆಲಸ. ಚಾರ್ಜರಿನ ಮೈಮೇಲೆ ಬರೆದಿರುವ ವಾಟನ್ನು ಓದಿಕೊಂಡು 230ರಿಂದ ಭಾಗಿಸಿ, ಬಂದ ಆ್ಯಂಪಿಯರನ್ನು ತಂದೆತಾಯಿಗಳಿಗೆ ತಿಳಿಸಿ. ಆ್ಯಂಪಿಯರನ್ನೇ ಬರೆದಿದ್ದರೆ ಭಾಗಾಕಾರವೂ ಬೇಡ. ಸಾಕೆಟ್ಟಿನ ಮೇಲಿರುವ ಸಂಖ್ಯೆಯೊಡನೆ ಹೋಲಿಸುವ ಕೆಲಸ ಹಿರಿಯರದು. ನೀವು ಪ್ಲಗ್ಗನ್ನಾಗಲಿ ಸಾಕೆಟ್ಟನ್ನಾಗಲಿ ಮುಟ್ಟಕೂಡದು. ಭಾಗಾಕಾರವನ್ನು ಕಲಿತುದಕ್ಕೆ ಇದಕ್ಕಿಂತ ದೊಡ್ಡ ಸಾರ್ಥಕ್ಯ ನನಗೆ ತೋರದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ನಮ್ಮ ಹಿರಿಯರು. ತೂತಿಗೆ ಪಿನ್ನು ಹೊಂದಿಕೊಂಡ ಮಾತ್ರಕ್ಕೆ ಹಾಸಿಗೆ ಉದ್ದವಾಗಲಿಲ್ಲವೆಂಬುದನ್ನು ಇಂದು ರಾತ್ರಿ ವಾಹನವನ್ನು ಚಾರ್ಜಿಗೆ ಹಾಕುವ ಮುನ್ನ ಒಮ್ಮೆ ನೆನೆಯಿರಿ.